ಬ್ಯಾಟರಿಗೊಂದು ಗಂಧದ ಬೊಟ್ಟು

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲದಲ್ಲಿ ನಾನು ಅಮ್ಮತ್ತಿ ಬಳಿಯ ಕಾಫಿ ತೋಟವೊಂದರಲ್ಲಿ ಕಾರು ಓಡಿಸುತ್ತಿದ್ದೆ. ನಮ್ಮ ಸಾಹುಕಾರರು ತಮ್ಮ ಕೋವಿಗೆ ವಾರಕ್ಕೊಮ್ಮೆ ತಾವೇ ಎಣ್ಣೆ ಹಾಕಿ ಒರೆಸುತ್ತಿದ್ದರು. ಕಾರಿನ ಬ್ಯಾಟರಿಗೆ ಮಾತ್ರ ವರ್ಷಕ್ಕೊಂದು ಗಂಧದ ಬೊಟ್ಟು, ಅದೂ ಕೊಡವರ ಆಯುಧ ಹಬ್ಬವಾದ ಕೈಲ್‌ಮುಹೂರ್ತದ ದಿನ, ಕೋವಿಗಳ ಪೂಜೆಯ ಜೊತೆಗೆ. ಆಮೇಲೆ ಟರ್ಮಿನಲ್ ಮೇಲೆ ಬಿಳಿ ಪುಡಿ ಉಕ್ಕಿ ಬಂದರೂ ಯಾರೂ ಮುಟ್ಟುವಂತಿಲ್ಲ.

“ಪೂಜೆ ಮಾಡಿದ್ದನ್ನ ಒರೆಸ್ತಾರಾ? ಬುದ್ಧಿ ಇದೆಯಾ ನಿಂಗೆ?” ಎಂದು, ಒಮ್ಮೆ ಒರೆಸಲು ಹೋದ ನನ್ನನ್ನು ಸಾಹುಕಾರರು ಗದರಿದ್ದರು.

ಬುದ್ಧಿಯೆಲ್ಲ ಅವರೊಬ್ಬರ ಸ್ವತ್ತಾಗಿತ್ತಲ್ಲ, ಬಟ್ಟೆ ಮಡಚಿಟ್ಟು ಬಾನೆಟ್ ಮುಚ್ಚಿದೆ.

ವಿರಾಜಪೇಟೆಯ ಮದುವೆಗೆ ಹೊರಟ ಬೆಳಿಗ್ಗೆ ಜಪ್ಪಯ್ಯ ಅಂದರೂ ಕಾರು ಸ್ಟಾರ್ಟ್ ಆಗಲಿಲ್ಲ. ಕೊಡವರ ಕರಿಯ ನಿಲುವಂಗಿ ಕುಪ್ಯ ತೊಟ್ಟು ಸಿಂಗರಿಸಿಕೊಂಡಿದ್ದ ಸಾಹುಕಾರರು ನನ್ನನ್ನೇ ಬೈಯುತ್ತ ಕಾಫಿ ಕುಡಿಯಲು ಒಳಗೆ ಹೋದರು. ನಾನು ತಂತಿ ಬಿಚ್ಚಿ, ಅಡುಗೆ ಸೋಡಾ ಕದಡಿದ ಬಿಸಿನೀರಿನಿಂದ ಟರ್ಮಿನಲ್ ಉಜ್ಜಿ, ಒರೆಸಿ, ತಂತಿ ಬಿಗಿದು, ಮೇಲೆ ಗ್ರೀಸ್ ಬಳಿದೆ. ಪುಡಿಯ ಜೊತೆ ಬೊಟ್ಟೂ ತೊಳೆದುಹೋಯಿತು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಸಾಹುಕಾರರು ಮೆಟ್ಟಿಲ ಮೇಲೆಯೇ ನಿಂತು ಕೈಮುಗಿದರು. “ನೋಡಿದ್ಯಾ? ಎಲ್ಲಾ ಪೂಜೆಯ ಫಲ!”

ಮುಂದಿನ ಕೈಲ್‌ಮುಹೂರ್ತದಂದು ಬ್ಯಾಟರಿಗೆ ಎರಡು ಬೊಟ್ಟು ಇಟ್ಟರು. ಎರಡನೆಯದನ್ನು ಇಡುವಾಗ ನನ್ನತ್ತ ತಿರುಗಿ, “ಇದನ್ನೂ ಮುಟ್ಬೇಡ” ಎಂದರು.