ಅಳುತ್ತಲೇ ಶಿಬಿರದಲ್ಲಿ ಉಳಿದ ಅನನ್ಯ

ನನ್ನ ಮೊಮ್ಮಗಳು ಅನನ್ಯ ಬೇಸಿಗೆ ಶಿಬಿರ ಪೂರ್ತಿ ಮುಗಿಸಿ ಇವತ್ತು ಮನೆಗೆ ಬಂದಳು. ವಿದ್ಯಾನಗರದ ನಮ್ಮ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಆಯಿತು, ಸಂತೋಷ ಇನ್ನೂ ಮುಗಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಹೆಲ್ಪರ್ ಆಗಿದ್ದೆ. ಬಾಯ್ಲರ್ ಆರಿದ ಮೇಲೆ ಒಳಗೆ ಕೆರೆದು ತೊಳೆಯಲು ಒಬ್ಬ ಇಳಿಯುತ್ತಾನೆ. ಅವನು ಇಳಿಯುವ ಮ್ಯಾನ್‌ಹೋಲ್ ಎಂದರೆ ಒಬ್ಬ ಮನುಷ್ಯ ನುಸುಳುವಷ್ಟು ಬಾಯಿ. ಅದರ ಪಕ್ಕ ಇನ್ನೊಬ್ಬ ಕೂತು ಒಳಗಿನವನ ಜೊತೆ ಮಾತಾಡುತ್ತಲೇ ಇರಬೇಕು. ಅದು ನನ್ನ ಕೆಲಸ. ಮೇಸ್ತ್ರಿ ಮುರುಗೇಶಣ್ಣ ಮೊದಲ ದಿನವೇ ಹೇಳಿದ್ದರು: "ಒಳಗಿರೋನು ನಿನ್ನ ದನಿ ನಂಬ್ಕೊಂಡು ಇರ್ತಾನೆ ಕಣಯ್ಯ. ಹೊರಗೆ ಏನೇ ಕೆಟ್ರೂ ಹೇಳ್ಬಿಡು. ಒಂದ್ಸಲ ಸುಳ್ಳು ಅಂತ ಗೊತ್ತಾದ್ರೆ ಆಮೇಲೆ ಅವನು ಇಳಿಯಲ್ಲ."

ನಮ್ಮ ಮನೆಯಲ್ಲೂ ಹಾಗೇ ಆಯಿತು. ಹೋದ ಬೇಸಿಗೆಯಲ್ಲಿ ಅನನ್ಯ ದೊಡ್ಡಮ್ಮನ ಮನೆಯಲ್ಲಿದ್ದಾಗ ನನ್ನ ಹೆಂಡತಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಗು ಫೋನಿನಲ್ಲಿ ಅಜ್ಜಿಯನ್ನು ಕೇಳಿದಾಗ ನನ್ನ ಮಗ ಶಿವು, "ಅಜ್ಜಿ ಮಲಗಿದ್ದಾರೆ" ಎಂದ. ಮಣ್ಣು ಮಾಡಿದ ಮೇಲೆಯೇ ಅವಳನ್ನು ಕರೆಸಿದ್ದು.

ಈ ವರ್ಷ ಶಂಕರಘಟ್ಟದ ಹತ್ತಿರದ ಶಿಬಿರಕ್ಕೆ ಗೆಳತಿಯರ ಜೊತೆ ಹೆಸರು ಕೊಟ್ಟವಳು ಅವಳೇ. ಹೊರಡುವ ದಿನ ಹತ್ತಿರವಾದಂತೆ ಉಂಡದ್ದೆಲ್ಲ ವಾಂತಿ. ನಾನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತಿರುತ್ತಿದ್ದಳು. ಸೊಸೆ ಪುಸಲಾಯಿಸಿದಳು, ಮಗ ಗದರಿದ. ನಾನು ಕಟ್ಟೆಯ ಮೇಲೆ ಕೂರಿಸಿಕೊಂಡು ಏನೆಂದು ಕೇಳಿದೆ.

"ನಾನು ಹೋದ್ರೆ ನೀನೂ ಸತ್ತೋಗ್ತೀಯ ಅಜ್ಜ. ನಂಗೆ ಯಾರೂ ಹೇಳಲ್ಲ."

ಸಾಯುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. "ಅದು ನನ್ನ ಕೈಲಿಲ್ಲ ಕಣೇ. ಆದ್ರೆ ದಿನಾ ಸಾಯಂಕಾಲ ಶಿಬಿರದ ಮೇಷ್ಟ್ರ ಫೋನಿಗೆ ಮಾಡ್ತೀನಿ. ಜ್ವರ ಬಂದ್ರೆ ಜ್ವರ ಅಂತೀನಿ. ಬರ್ಬೇಕು ಅನ್ಸಿದ್ರೆ ಹೇಳು, ನಿಮ್ಮಪ್ಪ ಬರ್ತಾನೆ."

ಹೋದಳು. ಶಿಬಿರ ಅರ್ಧ ಮುಗಿಯುವ ಹೊತ್ತಿಗೆ ನನಗೆ ಎದೆ ಹಿಡಿದುಕೊಂಡಿತು. ಹೆಂಡತಿ ತೀರಿಕೊಂಡ ಅದೇ ಆಸ್ಪತ್ರೆಗೇ ಸೇರಿಸಿದರು. ಸಂಜೆ ಮಗನ ಹತ್ತಿರ ಫೋನ್ ಕೇಳಿದೆ.

"ಸುಮ್ನಿರಿ ಅಪ್ಪ, ಮಗು ಹೆದರುತ್ತೆ" ಎಂದ ಶಿವು.

"ಹೆದರ್ಲಿ. ಕೊಡೋ ಇಲ್ಲಿ."

ಹೇಳಿದೆ. ಅವಳು ಅತ್ತಳು. ಎದೆನೋವಿಗಿಂತ ಆ ಅಳು ಕೇಳುತ್ತ ಮಲಗಿರುವುದೇ ಕಷ್ಟವಾಯಿತು.

"ಡಾಕ್ಟ್ರು ಏನಂದ್ರು?"

"ಇನ್ನೂ ಏನೂ ಹೇಳಕ್ಕಾಗಲ್ಲ ಅಂದ್ರು. ಬರ್ತೀಯಾ?"

"ನಾಳೆ ಮಾತಾಡಕ್ಕೆ ನಿಂಗೆ ಆಗ್ದಿದ್ರೆ?"

ನಾನು ಮಗನ ಮುಖ ನೋಡಿದೆ. ಅವನೇ ಫೋನ್ ತೆಗೆದುಕೊಂಡ. "ನಾನು ಹೇಳ್ತೀನಿ ಪುಟ್ಟಾ. ಏನಾದ್ರೂ ಸರಿ, ಈ ಸಲ ಹೇಳ್ತೀನಿ."

"ಹಂಗಾದ್ರೆ ಇರ್ತೀನಿ" ಎಂದಳು.

ಹೆದರಿದವರಿಗೆ ಧೈರ್ಯ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಪಕ್ಕದಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳುವುದೊಂದೇ ಆ ಬಾಯ್ಲರ್ ಕೆಲಸ ನನಗೆ ಕಲಿಸಿದ್ದು.

ಆಸ್ಪತ್ರೆಯವರು ನನ್ನನ್ನು ಮೊನ್ನೆ ಮನೆಗೆ ಕಳಿಸಿದರು. ಇವತ್ತು ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ನನಗೆ ಮಾತ್ರ ಉಪ್ಪಿಲ್ಲದ ಪಲ್ಯ. ಅನನ್ಯ ರೊಟ್ಟಿ ಮುರಿಯುತ್ತ, "ಅಪ್ಪ, ಅವತ್ತು ಆಸ್ಪತ್ರೇಲಿ ಅಜ್ಜಿ ನನ್ನ ಕೇಳಿದ್ರಾ?" ಎಂದಳು.

ಶಿವು ತುತ್ತು ಕೆಳಗಿಟ್ಟ. "ಕೇಳಿದ್ರು ಪುಟ್ಟಾ. ನಾನೇ ನಿನ್ನ ಕರೆಸ್ಲಿಲ್ಲ."

ಅವಳು ತಲೆ ತಗ್ಗಿಸಿ ಅತ್ತಳು. ಯಾರೂ ಸುಮ್ಮನಿರು ಎನ್ನಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, ತಟ್ಟೆಯನ್ನು ಅಪ್ಪನ ಪಕ್ಕಕ್ಕೆ ಸರಿಸಿ ಕೂತು, ಇನ್ನೊಂದು ರೊಟ್ಟಿ ಕೇಳಿದಳು.