ಸೂಜಿಗೆ ಮುಂಚಿನ ಮಾತು

ಅದು ಭಾನುವಾರ. ನ್ಯಾಮತಿಯಲ್ಲಿ ನರ್ಸ್ ಆಗಿದ್ದ ಅಕ್ಕನಿಗೆ ಕೊಟ್ಟಿದ್ದ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಅವಳು ಗೋಡೆಗೆ ಬೆನ್ನು ಕೊಟ್ಟು ಕೂತು ಇಂಜೆಕ್ಷನ್ ಸೂಜಿಗಳನ್ನು ಮಸೆಯುತ್ತಿದ್ದಳು. ಆಗ ಸೂಜಿಯನ್ನು ಬಳಸಿ ಎಸೆಯುವ ಕಾಲವಲ್ಲ. ಒಂದೇ ಸೂಜಿಯನ್ನು ತೊಳೆದು, ಕುದಿಸಿ, ಮತ್ತೆ ಮತ್ತೆ ಬಳಸಬೇಕಿತ್ತು. ಅದು ಬೇಗ ಮೊಂಡಾಗುತ್ತಿತ್ತು. ಅಕ್ಕ ಸಣ್ಣ ಸಾಣೆಕಲ್ಲಿನ ಮೇಲೆ ಎರಡು ಹನಿ ನೀರು ಹಾಕಿ ತುದಿಯನ್ನು ಮಸೆದು, ಆಮೇಲೆ ಹತ್ತಿಯ ಮೇಲೆ ಎಳೆದು ನೋಡುತ್ತಿದ್ದಳು. ಹತ್ತಿಯ ಎಳೆ ಸಿಕ್ಕಿಕೊಂಡರೆ ತುದಿ ಕೊಕ್ಕೆಯಾಗಿದೆ ಎಂದು ಅರ್ಥ. ಮತ್ತೆ ಮಸೆಯಬೇಕು.

"ಭಾನುವಾರನಾದ್ರೂ ಸುಮ್ಕೆ ಕೂರಾಕೆ ಆಗಲ್ವೇನಕ್ಕ?" ಎಂದೆ.

"ನಾಳೆ ತಾಂಡಾಕ್ಕೆ ಹೋಗ್ಬೇಕು ಕಣೆ. ಮೊಂಡು ಸೂಜಿ ಹಾಕಿದ್ರೆ ಮುಂದಿನ ಸಲ ಒಬ್ರೂ ಬಾಗಿಲು ತೆಗಿಯಲ್ಲ. ನೀನು ನೀರು ಕಾಯಾಕೆ ಇಡು, ಮಾತು ಆಮೇಲೆ."

ನಾನು ಒಲೆ ಹಚ್ಚಿದೆ. ಮಸೆಯುತ್ತಿದ್ದ ಸೂಜಿಯೊಂದು ಅಕ್ಕನ ಬೆರಳಿಗೆ ಚುಚ್ಚಿತು. ಅವಳು ರಕ್ತ ಹಿಂಡಿ, ಬೆರಳು ತೊಳೆದು, ಕೆಲಸ ಮುಂದುವರಿಸಿದಳು. ಅವಳಿಗೆ ಇದು ಹೊಸದಲ್ಲ. ಮಧ್ಯಾಹ್ನ ಸೊಪ್ಪಿನ ಸಾರು, ಮುದ್ದೆ ಉಂಡೆವು. ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು, "ಯಾಕೋ ಸೇರ್ತಿಲ್ಲ" ಎಂದಳು. ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಅದು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಬಿಳಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುವಾಗ ಬಿಸಿಲು ಅವಳ ಮುಖಕ್ಕೆ ಬಿತ್ತು. ಕಣ್ಣು ಅರಿಶಿನ ಹಚ್ಚಿದಂತೆ ಹಳದಿಯಾಗಿತ್ತು.

ನಾನು ಅಕ್ಕನ ಜೊತೆ ಇದ್ದದ್ದು ಏಕೆ ಎಂಬುದನ್ನು ಹೇಳಬೇಕು. ಅಪ್ಪ ತೀರಿಕೊಂಡಿದ್ದರು. ಅವ್ವ ನಮ್ಮೂರು ತ್ಯಾವಣಿಗೆಯಲ್ಲಿ ಇದ್ದಳು. ನರ್ಸ್ ಕೆಲಸಕ್ಕೆ ಸೇರಿದ, ಮದುವೆಯಾಗದ ಹುಡುಗಿ ಒಬ್ಬಳೇ ಇರುವುದನ್ನು ಯಾವ ಊರೂ ಒಪ್ಪುತ್ತಿರಲಿಲ್ಲ. ಮೊದಲ ಕೆಲಸ ಸಿಕ್ಕಿದ ಜಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ, "ಜೊತೆಗೆ ಯಾರದಾರೆ?" ಹಾಗಾಗಿ ಏಳನೇ ತರಗತಿ ಮುಗಿಸಿದ್ದ ನನ್ನನ್ನು ಅವ್ವ ಅಕ್ಕನ ಜೊತೆಗೆ ಕಳಿಸಿದಳು. ಅಕ್ಕನಿಗೆ ವರ್ಗವಾದಾಗಲೆಲ್ಲ ನಾನೂ ಪಾತ್ರೆ ಕಟ್ಟಿದೆ. ಜಗಳೂರಿನಿಂದ ಚನ್ನಗಿರಿ, ಅಲ್ಲಿಂದ ಹೊನ್ನಾಳಿ, ಕೊನೆಗೆ ನ್ಯಾಮತಿ. ಅಕ್ಕನಿಗೆ ಬಂದ ಗಂಡುಗಳೆಲ್ಲ "ಊರೂರು ತಿರುಗೋ ಕೆಲಸ" ಎಂದು ಹಿಂದೆ ಸರಿದರು.

ಜಗಳೂರಿನ ಹಳ್ಳಿಗಳಲ್ಲಿ ಬಿಳಿ ಸೀರೆ ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಲು ಹಿಡಿದುಕೊಂಡು ಹೋಗುತ್ತಾರೆ ಎಂಬ ಭಯ ಆಗ ಎಲ್ಲ ಕಡೆ ಇತ್ತು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಒಬ್ಬ ಅಜ್ಜಿ ಪೊರಕೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಆಪರೇಷನ್ ಮಾಡ್ಸಾಕೆ ಬಂದ್ಯೇನೆ? ನನ್ನ ಸೊಸೆ ಮನ್ಯಾಗಿಲ್ಲ, ಹೋಗು."

ಬಾಗಿಲ ಸಂದಿಯಲ್ಲಿ ಬಸುರಿ ಸೊಸೆಯ ಸೆರಗು ಕಾಣುತ್ತಿತ್ತು. ಅಕ್ಕ ಮುಖ ಸಪ್ಪೆ ಮಾಡಿಕೊಂಡು ಹೇಳಿದಳು: "ಸೊಸೆ ಇಲ್ದಿದ್ರೆ ಹೋಗ್ಲಿ ಬಿಡ್ರಿ ಅಜ್ಜಿ. ನಿಮಗೇ ಮಾಡ್ಸೋಣ, ನಡೀರಿ."

ಅಜ್ಜಿ ಒಂದು ಗಳಿಗೆ ನೋಡಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಪೊರಕೆ ಕೆಳಗಿಟ್ಟು ಕುಡಿಯಲು ನೀರು ಕೊಟ್ಟಳು. ಸೊಸೆ ತಾನಾಗಿ ಹೊರಗೆ ಬಂದು ಧನುರ್ವಾಯುವಿನ ಸೂಜಿ ಹಾಕಿಸಿಕೊಂಡಳು.

ನಗುವಾಗ ಮೈ ಸಡಿಲವಾಗುತ್ತದೆ, ಸಡಿಲವಾದ ಮೈಗೆ ಸೂಜಿ ನೋಯುವುದಿಲ್ಲ. ಅಕ್ಕ ಇದನ್ನು ತರಬೇತಿಯಲ್ಲಿ ಕಲಿತಳೋ ಆ ಅಜ್ಜಿಯ ಮನೆಯಲ್ಲೋ ಗೊತ್ತಿಲ್ಲ. ಆಮೇಲೆ ಸೂಜಿಗೆ ಮುಂಚೆ ಪ್ರತಿಯೊಬ್ಬರನ್ನೂ ಏನಾದರೂ ಕೇಳುವುದು ಅವಳ ರೂಢಿಯಾಯಿತು. ಹೊನ್ನಾಳಿಯ ರೈತರಿಗೆ, "ನಿಮ್ಮ ಎಮ್ಮೆ ಕರ ಹಾಕ್ತೇನ್ರಿ?" ಚನ್ನಗಿರಿಯ ಶಾಲೆಯಲ್ಲಿ ಮೇಷ್ಟ್ರು ಎದುರಿಗೇ ನಿಂತಿರುವಾಗ ಹುಡುಗರಿಗೆ, "ನಿಮ್ಮ ಮೇಷ್ಟ್ರು ಒಳ್ಳೇರಾ, ಕೆಟ್ಟೋರಾ?" ಹುಡುಗ ಮೇಷ್ಟ್ರ ಮುಖ ನೋಡಿ ಒದ್ದಾಡುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತಿತ್ತು. ನರ್ಸಮ್ಮನ ಕೈ ಹಗುರ ಎಂದು ಜನ ಹೇಳುತ್ತಿದ್ದರು. ನನಗೆ ಜ್ವರ ಬಂದು ಸೂಜಿ ಹಾಕುವಾಗ ಅವಳ ಪ್ರಶ್ನೆ ಯಾವಾಗಲೂ ಒಂದೇ. "ನಾಳೆ ಏನಡಿಗೆ ಮಾಡ್ತೀಯೆ?"

ಕಣ್ಣು ಹಳದಿಯಾದ ಮೇಲೂ ಅಕ್ಕ ರಜೆ ಹಾಕಲಿಲ್ಲ. ಬದಲಿಗೆ ಬರುವವರು ಇರಲಿಲ್ಲ. ಸೂರಗೊಂಡನಕೊಪ್ಪದ ಕಡೆಯ ಲಂಬಾಣಿ ತಾಂಡಾಕ್ಕೆ ಹೋಗಿ ಮಕ್ಕಳಿಗೆ ಸೂಜಿ ಹಾಕಿ ಬಂದಳು. ಸಂಜೆ ಬಸ್ಸಿಳಿದು ಮನೆಯವರೆಗೆ ನಡೆಯಲಾಗದೆ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು.

ಅವ್ವ ತ್ಯಾವಣಿಗೆಯಿಂದ ಬಂದಳು. ಸೊಪ್ಪಿನ ರಸವನ್ನು ಹಾಲಲ್ಲಿ ಬೆರೆಸಿ ಕುಡಿಸಿದಳು. ಉಪ್ಪು, ಎಣ್ಣೆ ಬಿಡಿಸಿದಳು. ಅಕ್ಕ ಅದಕ್ಕೆಲ್ಲ ಒಪ್ಪಿದಳು. ಕಾಮಾಲೆಗೆ ನಮ್ಮ ಕಡೆ ತೋಳಿಗೆ ಕಾದ ಬಳೆಯ ಚೂರಿನಿಂದ ಬರೆ ಹಾಕಿಸುತ್ತಾರೆ. ಅವ್ವ ಅದನ್ನೂ ಹಾಕಿಸೋಣ ಎಂದಳು.

"ಬ್ಯಾಡವ್ವ."

"ನಿಮ್ಮಪ್ಪಗೆ ಅದ್ರಾಗೇ ವಾಸಿಯಾಗಿತ್ತು."

"ಊರ ಜನಕ್ಕೆಲ್ಲ ಬರೆ ಹಾಕಿಸ್ಬ್ಯಾಡ್ರಿ ಅಂತ ಹೇಳ್ಕೊಂಡು ತಿರುಗ್ತೀನಿ. ನಾನೇ ಹಾಕಿಸ್ಕೊಂಡ್ರೆ ನಾಳೆ ಯಾವ ಮುಖ ಇಟ್ಕೊಂಡು ಹೋಗ್ಲವ್ವ?"

"ಮುಖ ಉಳ್ಕಂಡ್ರೆ ತಾನೆ ಹೋಗಾದು!" ಎಂದ ಅವ್ವ ತಾನಾಡಿದ ಮಾತಿಗೆ ತಾನೇ ಹೆದರಿ ಬಾಯಿ ಮುಚ್ಚಿಕೊಂಡಳು.

ಕೊನೆಗೆ ಅಕ್ಕನನ್ನು ದಾವಣಗೆರೆಗೆ ಕರೆದುಕೊಂಡು ಹೋಗಿ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಇದು ನೀರಿನಿಂದ ಬರುವ ಕಾಮಾಲೆಯಲ್ಲ, ರಕ್ತದಿಂದ ಬಂದದ್ದು, ಹಿಂದೆ ಯಾವಾಗಲೋ ಚುಚ್ಚಿಕೊಂಡ ಸೂಜಿಯಿಂದ ಬಂದಿರಬಹುದು ಎಂದು ಡಾಕ್ಟರು ಹೇಳಿದರು. ಯಾವ ಸೂಜಿ, ಯಾರ ರಕ್ತ ಎಂದು ಹೇಳುವವರು ಯಾರು? ಅಕ್ಕ ಕೇಳಿಸಿಕೊಂಡು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

ವಾರ್ಡಿನ ನರ್ಸ್ ಇನ್ನೂ ಚಿಕ್ಕ ಹುಡುಗಿ. ಮಲಗಿರುವವಳೂ ನರ್ಸ್ ಎಂದು ಗೊತ್ತಾಗಿ ಸೂಜಿ ಹಾಕದೆ ಒಂದೇ ಜಾಗವನ್ನು ಹತ್ತಿಯಿಂದ ಮತ್ತೆ ಮತ್ತೆ ಒರೆಸುತ್ತಿದ್ದಳು.

"ಹೆದರ್ಬೇಡ ತಂಗಿ," ಎಂದಳು ಅಕ್ಕ. "ನನ್ನನ್ನ ಏನಾದ್ರೂ ಕೇಳು, ಕೇಳ್ತಾ ಹಾಕ್ಬಿಡು."

ಹುಡುಗಿ ನನ್ನ ಮುಖ ನೋಡಿದಳು. ನಾನೇ ಮುಂದೆ ಬಾಗಿ ಕೇಳಿದೆ. "ಅಕ್ಕ, ನಾಳೆ ಏನಡಿಗೆ ಮಾಡ್ಲಿ?"

ಅಕ್ಕನ ಒಣಗಿದ ತುಟಿಯಲ್ಲಿ ನಗು ಬಂತು. "ಅಯ್ಯೋ ಕಳ್ಳಿ, ನನ್ನ ಮದ್ದು ನನಗೇನಾ?" ಎಂದಳು. ಆಮೇಲೆ ನಿಜವಾಗಿಯೂ ಯೋಚಿಸಿದಳು. "ಮಂಡಕ್ಕಿ ಒಗ್ಗರಣೆ ಮಾಡು. ಜೊತೆಗೆ ಮಿರ್ಚಿ ಬಜ್ಜಿ. ಎಣ್ಣೆ ಜಾಸ್ತಿ ಹಾಕು." ಅಷ್ಟರಲ್ಲಿ ಸೂಜಿ ಹೊರಗೆ ಬಂದಿತ್ತು. ಹುಡುಗಿ ಉಸಿರು ಬಿಟ್ಟಳು.

ಅಂದಿನಿಂದ ದಿನವೂ ಹಾಗೇ. ನಾನು ಕೇಳುವುದು, ಅವಳು ಉಣ್ಣಲಾಗದ ಅಡಿಗೆಯ ಹೆಸರು ಹೇಳುವುದು. ಹೋಳಿಗೆ, ಎಣ್ಣೆಗಾಯಿ, ಅವ್ವ ಮಾಡುವ ಉಪ್ಪು ಖಾರದ ಮೆಣಸಿನಕಾಯಿ. ಹೇಳುವ ದನಿ ಸಣ್ಣದಾಗುತ್ತಾ ಬಂತು. ಒಂದು ಬೆಳಿಗ್ಗೆ ಅವಳ ಕಣ್ಣು ಅರ್ಧ ತೆರೆದಿತ್ತು, ನನ್ನ ಗುರುತು ಇರಲಿಲ್ಲ. ಆದರೂ ಕೇಳಿದೆ. ಸೂಜಿ ಒಳಗೆ ಹೋಯಿತು, ಹೊರಗೆ ಬಂತು. ಆ ವಾರ ಕಳೆಯುವುದರೊಳಗೆ ಅಕ್ಕ ತೀರಿಕೊಂಡಳು.

ಕ್ವಾರ್ಟರ್ಸ್ ಖಾಲಿ ಮಾಡುವ ದಿನ ತಾಂಡಾದ ಹೆಂಗಸರು ಬಂದು ಹೊಸ್ತಿಲಲ್ಲಿ ಕೂತು ಅತ್ತರು. ಸಾಣೆಕಲ್ಲನ್ನು ನಾನು ತ್ಯಾವಣಿಗೆಗೆ ತಂದೆ. ಅವ್ವ ಅದರ ಮೇಲೆ ಕುಡುಗೋಲು ಮಸೆಯುವಾಗಲೆಲ್ಲ, "ಒಂದು ಬರೆ ಹಾಕಿದ್ದಿದ್ರೆ ಉಳೀತಿದ್ಲು" ಎನ್ನುತ್ತಿದ್ದಳು. ಸಾಯುವವರೆಗೂ ಹಾಗೇ ಹೇಳಿದಳು.

ಈಗ ನನಗೆ ಸಕ್ಕರೆ ಕಾಯಿಲೆ ಇದೆ. ಆಸ್ಪತ್ರೆಗೆ ಹೋಗುತ್ತಿರುತ್ತೇನೆ. ಅಲ್ಲಿನ ಹುಡುಗಿಯರು ಕೈಗವಸು ಹಾಕಿಕೊಳ್ಳುತ್ತಾರೆ. ಹೊಸ ಸೂಜಿಯ ಪೊಟ್ಟಣವನ್ನು ನನ್ನ ಎದುರಿಗೇ ಒಡೆಯುತ್ತಾರೆ, ಬಳಸಿದ್ದನ್ನು ಡಬ್ಬಿಗೆ ಹಾಕುತ್ತಾರೆ. ನೋಡಿ ಮನಸ್ಸಿಗೆ ಸಮಾಧಾನವಾಗುತ್ತದೆ. ಇದೆಲ್ಲ ಆಗ ಇದ್ದಿದ್ದರೆ ಎಂದುಕೊಳ್ಳುತ್ತೇನೆ. ಸಾಲು ಉದ್ದ ಇರುತ್ತದೆ, ಮಾತಿಗೆ ಅವರಿಗೆ ಪುರಸೊತ್ತಿಲ್ಲ. ತೋಳು ಚಾಚಿದಾಗ ನನ್ನ ಮೈ ಇನ್ನೂ ಬಿಗಿಯಾಗುತ್ತದೆ. ನಾಳೆ ಏನಡಿಗೆ ಎಂದು ಕೇಳುವವರು ಇಲ್ಲ.