ಪುಟದ ಹೊರಗೆ ಕೂತ ಹೆಸರುಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಈ ಗಾದೆ ಕಟ್ಟಿದವರು ಕುಷ್ಟಗಿಯಲ್ಲಿ ಕೂತು ಲಗ್ನಪತ್ರಿಕೆ ಡಿಸೈನ್ ಮಾಡಿ ಗಂಗಾವತಿಯ ಪ್ರೆಸ್ಸಿಗೆ ಕಳಿಸಿದ್ದರೆ ಮೂರನೆಯದೊಂದನ್ನೂ ಸೇರಿಸುತ್ತಿದ್ದರು. ನನಗೆ ಆ ಕೆಲಸವೇ ಹೊಟ್ಟೆಪಾಡು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ, ಅದರಲ್ಲಿ ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು. ಜೆರಾಕ್ಸ್ ಯಾರು ಬೇಕಾದರೂ ತೆಗೆಯಬಹುದು, ಡಿಸೈನ್ ಮಾತ್ರ ನನ್ನಿಂದಲೇ ಆಗಬೇಕು ಎಂಬ ಜಂಬ ನನಗೆ ಆಗಲೂ ಇತ್ತು, ಈಗಲೂ ಇದೆ.

ತೊಂದರೆಯೆಲ್ಲ ಫೈಲಿನದು. ನಾನು ಬಳಸುವ ಕನ್ನಡ ಫಾಂಟ್ ಪ್ರೆಸ್ ಮಾಲೀಕರ ಕಂಪ್ಯೂಟರಿನಲ್ಲಿ ಇರಲಿಲ್ಲ. ಫೈಲನ್ನು ಇದ್ದ ಹಾಗೇ ಕಳಿಸಿದರೆ ಅಲ್ಲಿ ವಧು-ವರರಿಬ್ಬರೂ ಮಾಯವಾಗಿ, ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಪ್ರಶ್ನೆ ಚಿಹ್ನೆಗಳ ರಾಶಿ ಕಾಣುತ್ತಿತ್ತು. ನನ್ನ ಫಾಂಟ್ ಹಾಕಿಕೊಳ್ಳಿ ಎಂದರೆ ಅವರು ಒಪ್ಪುತ್ತಿರಲಿಲ್ಲ. "ಹೊಸ ಫಾಂಟ್ ಹಾಕಿದ್ರ ನಮ್ಮ ಹಳೇ ಫೈಲ್ ಎಲ್ಲಾ ಕೆಡ್ತಾವ್ರಿ ಅಕ್ಕಾರ. ನೀವ ಕರ್ವ್ ಮಾಡಿ ಕಳಸ್ರಿ" ಎನ್ನುತ್ತಿದ್ದರು. ಕರ್ವ್ ಮಾಡುವುದೆಂದರೆ ಅಕ್ಷರಗಳನ್ನು ಬರೀ ಗೆರೆಗಳ ಚಿತ್ರವಾಗಿಸುವುದು. ಆಮೇಲೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅವು ಹಾಗೇ ಕಾಣುತ್ತವೆ, ಆದರೆ ಒಂದು ಕೊಂಬನ್ನೂ ತಿದ್ದಲು ಬರುವುದಿಲ್ಲ.

ನಮ್ಮ ಕಡೆಯ ಲಗ್ನಪತ್ರಿಕೆ ತಿದ್ದದೆ ಮುಗಿದದ್ದುಂಟೆ? ಕಾರ್ಡಿನಲ್ಲಿ ಹೆಸರಿಲ್ಲದ ನೆಂಟರು ಹಂದರದ ಕಡೆ ತಲೆಹಾಕುವುದಿಲ್ಲ. ಜವಳಿ, ಅಕ್ಕಿ ಎಂದು ಗಂಗಾವತಿಗೆ ಹೋದ ಮದುವೆ ಮನೆಯವರು ಸೀದಾ ಪ್ರೆಸ್ಸಿಗೆ ನುಗ್ಗಿ, "ನಮ್ಮ ಕಾಕಾನ ಹೆಸರು ಬಿಟ್ಟೈತಿ, ಸೇರಸ್ರಿ" ಎಂದು ಕೂತುಬಿಡುತ್ತಿದ್ದರು. ನನಗೆ ಒಂದು ಮಾತೂ ಹೇಳುತ್ತಿರಲಿಲ್ಲ. ಮಾಲೀಕರು ತಮ್ಮಲ್ಲಿದ್ದ ಫಾಂಟಿನಲ್ಲಿ ಹೆಸರು ಟೈಪ್ ಮಾಡಿ ಎಲ್ಲಾದರೂ ತುರುಕುತ್ತಿದ್ದರು. ನನ್ನ ತೆಳ್ಳನೆಯ ಅಕ್ಷರಗಳ ನಡುವೆ ಆ ಕಾಕಾ ಒಬ್ಬನೇ ಉಂಡು ತೇಗಿದವನ ಹಾಗೆ ದಪ್ಪಗೆ ಕಾಣುತ್ತಿದ್ದ. ಕರ್ವ್ ಮಾಡದಿದ್ದರೆ ಅಕ್ಷರಗಳು ಒಡೆಯುತ್ತವೆ, ಮಾಡಿದರೆ ಕಾಕಾ ಉಬ್ಬುತ್ತಾನೆ. ಅತ್ತ ದರಿ, ಇತ್ತ ಪುಲಿ.

ಹಿಟ್ನಾಳದವರೊಬ್ಬರ ಕಾರ್ಡು ಹೀಗೇ ಕೆಟ್ಟು, ಪೂರ್ತಿ ಮತ್ತೆ ಮುದ್ರಿಸಬೇಕಾಯಿತು. ಮಾಲೀಕರು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು: "ಇನ್ನೊಂದು ಸಲ ಹಿಂಗಾದ್ರ ನಿಮ್ಮ ಫೈಲ್ ನಾ ತಗೊಳ್ಳಂಗಿಲ್ಲರಿ. ಸಿಟ್ಟಾಗಬ್ಯಾಡ್ರಿ."

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಕುಷ್ಟಗಿಯವರಿರಲಿ, ಯಲಬುರ್ಗಾದವರಿರಲಿ, ನನ್ನ ಗಿರಾಕಿಗಳಿಗೆಲ್ಲ ಅದೇ ಪ್ರೆಸ್ಸಿನ ಬಣ್ಣ ಬೇಕು. ಅವರು ಕೈಬಿಟ್ಟರೆ ನಾನು ಡಿಸೈನ್ ಬಿಟ್ಟು, ದಿನವಿಡೀ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆಯುತ್ತ ಕೂರಬೇಕಿತ್ತು.

ಆಮೇಲೆ ಬಂದವರು ತಾವರಗೇರಾದ ಗಂಡ-ಹೆಂಡತಿ, ಮಗಳ ಲಗ್ನದ ಕಾರ್ಡಿಗೆ. ಗಂಡ ಹೆಸರುಗಳನ್ನೆಲ್ಲ ಬರೆಸಿ, "ಇಷ್ಟ, ಮುಗೀತು" ಎಂದು ಚಹಾ ಕುಡಿಯಲು ಎದ್ದರು. ಅವರು ಮೆಟ್ಟಿಲಿಳಿದ ಕೂಡಲೇ ನಾನು ಹೆಂಡತಿಯನ್ನು ಕೇಳಿದೆ: "ಯಾರ ಹೆಸರು ಹಾಕಬೇಕಂತ ಹೇಳಿದ್ರಿ. ಯಾರ ಹೆಸರು ಬಿಟ್ರ ಸಿಟ್ಟಾಗ್ತಾರ, ಅದನ್ನ ಹೇಳ್ರಿ."

ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಇವರ ಅಣ್ಣಾರ ಅದಾರ್ರಿ, ಮನಿಗೆ ಹಿರ್ಯಾರು. ಹೊಲದ ಬದುವಿನ ಸಲುವಾಗಿ ಮಾತು ಬಿಟ್ಟಾರ. ಹೆಸರು ತಗದ್ರ ಇವರು ಉರದ ಬೀಳ್ತಾರ. ಆದ್ರ ನಮ್ಮ ಮಗಳಂದ್ರ ಆ ಅಣ್ಣಾರಿಗೆ ಭಾಳ ಜೀವ."

ಮತ್ತೆ ಯಾರು ಯಾರು ಮುನಿಯಬಹುದು ಎಂದು ಕೇಳಿದೆ. ಸೋದರತ್ತೆಯ ಅಳಿಯ, ಹಳೇ ಮನೆಯ ಕಾಕಾ, ಇನ್ನೂ ಕೆಲವರು ಪಟ್ಟಿಗೆ ಬಂದರು. ಎಲ್ಲರ ಹೆಸರನ್ನೂ ನನ್ನದೇ ಫಾಂಟಿನಲ್ಲಿ, ಅದೇ ಅಳತೆಯಲ್ಲಿ ಟೈಪ್ ಮಾಡಿ, ಕರ್ವ್ ಮಾಡಿ, ಕಾರ್ಡಿನ ಅಂಚಿನಾಚೆ ಎಡಗಡೆ ಸಾಲಾಗಿ ಇಟ್ಟೆ. ಅಂಚಿನಾಚೆ ಇದ್ದದ್ದು ಅಚ್ಚಾಗುವುದಿಲ್ಲ. ಆದರೆ ಫೈಲಿನ ಜೊತೆಗೇ ಹೋಗುತ್ತದೆ. ಆಹ್ವಾನಿಸುವವರ ಹೆಸರುಗಳ ಮೇಲೆ, ಹಿರಿಯರಿಗೆ ಸಲ್ಲುವ ಜಾಗದಲ್ಲಿ, ಒಂದು ಸಾಲಿನಷ್ಟೇ ಎತ್ತರದ ಹೂಬಳ್ಳಿ ಬಿಡಿಸಿದೆ. ತಂದೆಗೆ ಆ ಬಳ್ಳಿ ಭಾಳ ಹಿಡಿಸಿತು.

ಫೈಲ್ ಕಳಿಸಿದ ಮರುದಿನ ಅಂಗಡಿಗೆ ಬೀಗ ಹಾಕಿ ಕೊಪ್ಪಳದ ಬಸ್ಸಿನಲ್ಲಿದ್ದೆ. ಮಾಲೀಕರ ಫೋನ್ ಬಂತು. ಮತ್ತೆ ಹೆಸರಿನದೇ ರಗಳೆ ಎಂದು ದನಿಯಲ್ಲೇ ಗೊತ್ತಾಯಿತು.

"ಅಕ್ಕಾರ, ತಾವರಗೇರಾದವರು ಬಂದು ಕುಂತಾರ. ಜವಳಿ ಅಂಗಡ್ಯಾಗ ಇವರ ಅಣ್ಣ ಕಂಡನಂತ, ಇವರ ಮಗಳಿಗೇ ಸೀರಿ ಆರಿಸ್ಲಿಕತ್ತಿದ್ದನಂತ. ಈಗ ಅಣ್ಣನ ಹೆಸರು ಹಾಕ್ರಿ, ಅದೂ ಎಲ್ಲಾರಕಿಂತ ಮ್ಯಾಲ, ಅಂತ ಕಣ್ಣೀರು ಹಾಕ್ಲಿಕತ್ಯಾರ. ನಾ ಟೈಪ್ ಮಾಡಿದ್ರ ಮತ್ತ ಅದ ಹಣೇಬರಹ. ನಿಮಗ ನಾ ಮೊದಲ ಹೇಳಿದ್ದೆ!"

"ಏನೂ ಟೈಪ್ ಮಾಡಬ್ಯಾಡ್ರಿ ಅಣ್ಣಾರ. ಝೂಮ್ ಔಟ್ ಮಾಡ್ರಿ. ಕಾರ್ಡಿನ ಎಡಕ್ಕ ನೋಡ್ರಿ."

ಫೋನಿನಲ್ಲಿ ಮೌಸ್ ಒತ್ತುವ ಸದ್ದು ಕೇಳಿತು. ಆಮೇಲೆ ಮಾಲೀಕರು ಗಹಗಹಿಸಿ ನಕ್ಕರು. "ಅಯ್ಯ ಇವರ! ನೆಂಟರೆಲ್ಲಾ ಹೊರಗ ಕುಂತಾರಲ್ರಿ!"

"ಮೊದಲನೇದವರು ಅವರ ಅಣ್ಣಾರು. ಹೂಬಳ್ಳಿ ತಗದು ಆ ಜಾಗಾಕ್ಕ ಅವರನ್ನ ಎಳೀರಿ. ಕೂದಲೆಳಿ ಹೆಚ್ಚು ಕಡಿಮಿ ಆಗಂಗಿಲ್ಲ."

ಆಗಲಿಲ್ಲ. ಅಚ್ಚಿಗೆ ಮುಂಚೆ ಕಳಿಸಿದ ಫೋಟೋದಲ್ಲಿ ಆ ಹೆಸರು ಹುಟ್ಟಿದಾಗಿನಿಂದ ಅಲ್ಲೇ ಇದ್ದಂತಿತ್ತು. ಮಾಲೀಕರು ಮತ್ತೆ ಫೋನ್ ಮಾಡಿ, "ಇನ್ನ ಮ್ಯಾಲ ನಮ್ಮ ಕಡೆ ಬರೋ ಲಗ್ನದ ಕಾರ್ಡೆಲ್ಲಾ ನಿಮ್ಮ ಹತ್ರನ ಕಳಸ್ತೀನ್ರಿ. ಮುನಿಸ್ಕೊಳ್ಳೋ ಮಂದೀನ ನೀವ ನೋಡ್ಕೋರಿ" ಎಂದರು. ನನಗೆ ಬಸ್ಸಿನಲ್ಲೇ ಎದ್ದು ಕುಣಿಯಬೇಕು ಅನ್ನಿಸಿತು. ಪಕ್ಕದ ಮುದುಕಿಯ ಕೈ ಹಿಡಿದು ಕುಲುಕಿಬಿಟ್ಟೆ. ಯಾಕೆಂದು ಆಕೆ ಕೇಳಲೂ ಇಲ್ಲ, ತಾನೂ ನಕ್ಕಳು.

ಕಾರ್ಡು ಕೈಗೆ ಬಂದ ಮೇಲೆ ಆ ತಂದೆ ನನ್ನನ್ನು ಲಗ್ನಕ್ಕೆ ಕರೆಯಲು ಬಂದರು. ಹಿಂದೆ ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರಿದ್ದರು. ಪ್ರೆಸ್ಸಿನಲ್ಲಿ ನಡೆದದ್ದೆಲ್ಲ ಅವರ ಕಿವಿಗೆ ಬಿದ್ದಿತ್ತು. ಅವರು ನನ್ನನ್ನು ದಿಟ್ಟಿಸಿ ಕೇಳಿದರು: "ನನ್ನ ಹೊರಗ ಕುಂದ್ರಿಸಿದಾಕಿ ನೀನ ಏನವ್ವಾ?"

"ಹೊರಗ ಕುಂದ್ರಿಸಿದವರು ನಿಮ್ಮ ತಮ್ಮಾರ್ರಿ ಯಜಮಾನ್ರ. ಅಲ್ಲಿಂದ ನಿಮ್ಮನ್ನ ಎದ್ದು ಹೋಗಗೊಡದಾಕಿ ನಾನು."

ಹಿರಿಯರು ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಅದೇ ಕೈಯಲ್ಲಿ ಅವನ ಹೆಗಲು ಹಿಡಿದುಕೊಂಡರು.